ಕಮಲಾಪುರದಲ್ಲಿ ಬಿಟ್ಟ ಗೋಲು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಮ್ಮ ಜರ್ಸಿ ನೀಲಿ ಎಂದು ನನ್ನ ನೆನಪು. ಜೊತೆಗೆ ಆಡಿದವಳೊಬ್ಬಳು ಹಸಿರು ಎನ್ನುತ್ತಾಳೆ. ಬಣ್ಣ ಯಾವುದಾದರೂ ಇರಲಿ. ಯಾವ ಮಾತು ಮೊದಲು ಬಂತು, ಯಾವುದು ಆಮೇಲೆ ಎಂಬುದರಲ್ಲಿ ತಪ್ಪಿದ್ದರೆ ಮಾತ್ರ ನಡೆದದ್ದರ ಅರ್ಥವೇ ಬೇರೆಯಾಗುತ್ತದೆ. ಹಾಗಾಗಿ ಅಳುಕುತ್ತಲೇ ಬರೆಯುತ್ತಿದ್ದೇನೆ.

ಊರಿಗೆ ಇನ್ನೂ ಗುಲ್ಬರ್ಗ ಎಂಬ ಹೆಸರಿದ್ದ ಕಾಲ. ನಾನು ಬಿ.ಎ. ಮೊದಲ ವರ್ಷದಲ್ಲಿದ್ದೆ. ದೊಡ್ಡಪ್ಪನ ಮಗಳು ಅದೇ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದಳು, ಹುಡುಗಿಯರ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ತಂಡ ತುಂಬುವುದಿಲ್ಲವೆಂದು ನನ್ನನ್ನು ಎಳೆದು ತಂದವಳೂ ಅವಳೇ. ಅವಳ ಮುಂದೆ ನಾನು ಬ್ಯಾಕ್ ನಿಲ್ಲುತ್ತಿದ್ದೆ.

ನಮ್ಮ ಮೈದಾನ ಎರೆ ನೆಲ. ಮಳೆಗಾಲದಲ್ಲಿ ಮಣ್ಣು ಬೂಟಿಗೆ ಮೆತ್ತಿಕೊಂಡು ಕಾಲು ಎತ್ತಲಾಗುತ್ತಿರಲಿಲ್ಲ. ದೀಪಾವಳಿ ಕಳೆದರೆ ಬಿರುಕು ಬಿಡುತ್ತಿತ್ತು. ಆಟಕ್ಕೆ ಮುಂಚೆ ನಾವೇ ಬುಟ್ಟಿಯಲ್ಲಿ ಮಣ್ಣು ತಂದು ಬಿರುಕು ತುಂಬುತ್ತಿದ್ದೆವು. ಆ ಸಡಿಲ ಮಣ್ಣಿನ ಮೇಲೆ ಎತ್ತರದಿಂದ ಬಿದ್ದ ಚೆಂಡು ಪುಟಿಯುತ್ತಿರಲಿಲ್ಲ, ದಪ್ಪನೆ ಬಿದ್ದು ಅಲ್ಲೇ ಕೂರುತ್ತಿತ್ತು. ಅಕ್ಕ ಇದನ್ನೇ ನಮ್ಮ ಆಟದ ಪದ್ಧತಿ ಮಾಡಿದ್ದಳು. ಉದ್ದ ಒದ್ದ ಚೆಂಡು ಬಂದರೆ ಹಿಂದಿನಿಂದ ‘ಬೀಳ್ಲಿ’ ಎಂದು ಒದರುವಳು. ಬ್ಯಾಕ್‌ಗಳು ಚೆಂಡಿಗೆ ತಲೆ ಕೊಡದೆ ಪಕ್ಕಕ್ಕೆ ಸರಿಯಬೇಕು. ಎದುರಾಳಿಗಳು ಪುಟಿಯದ ಚೆಂಡನ್ನು ದಾಟಿ ಓಡಿಹೋಗುವರು, ಅಕ್ಕ ನಿಧಾನವಾಗಿ ಬಂದು ಎತ್ತಿಕೊಳ್ಳುವಳು. ಆ ಸೀಸನ್ನಿನಲ್ಲಿ ನಾವು ಸೋಲದೆ ಬಂದದ್ದು ಹೀಗೆ. ಎಲ್ಲ ಮ್ಯಾಚೂ ನಮ್ಮ ಮೈದಾನದಲ್ಲೇ ನಡೆದಿದ್ದವು ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಫೈನಲ್ ಕಮಲಾಪುರದಲ್ಲಿ, ಅಲ್ಲಿನ ಹುಡುಗಿಯರ ಮೇಲೆ. ಅದೇ ವಾರ ಅಕ್ಕನಿಗೆ ಒಂದು ಸಂಬಂಧ ಬಂತು. ಹುಡುಗ ಕೋಟನೂರಿನವನು, ಹೈಸ್ಕೂಲ್ ಮಾಸ್ತರ. ಜೇವರ್ಗಿ ಕಾಲೋನಿಯ ಮನೆಯಲ್ಲಿ ಊಟಕ್ಕೆ ಕೂತಾಗ ದೊಡ್ಡಪ್ಪ ಮಾತು ತೆಗೆದರು.

‘ನೋಡವ್ವ, ಜಬರ್ದಸ್ತಿ ಇಲ್ಲ. ಫೈನಲ್ ಗೆದ್ರ ಯುನಿವರ್ಸಿಟಿ ಟೀಮಿಗಿ ನಿನ್ನ ತಗೋತಾರ ಅಂತ ನಿಮ್ಮ ಫುಟ್‌ಬಾಲ್ ಸರ್ ಅಂದಾರ. ತಗೊಂಡ್ರ ಗಂಡಿನವರಿಗಿ ಒಂದು ವರ್ಷ ತಡೀರಿ ಅಂತೀನಿ. ಸೋತ್ರ ಮತ್ತ ಮಾತು ಬೆಳಸಬ್ಯಾಡ.’

‘ಚೆಂಡಿನ ಮ್ಯಾಲ ಮಗಳ ಲಗ್ನ ಇಟ್ರಿ ನೀವು,’ ಎಂದರು ದೊಡ್ಡವ್ವ, ರೊಟ್ಟಿ ಹಾಕುತ್ತ.

ಅಕ್ಕ ‘ಆಯ್ತು’ ಎಂದಳು, ಅಷ್ಟೇ. ಅವಳಿಗೆ ಲಗ್ನ ಬೇಡ, ಆದ್ದರಿಂದ ನಾವು ಗೆಲ್ಲಲೇಬೇಕು ಎಂದು ನಾನು ತಿಳಿದೆ. ತಂಡದವರಿಗೆಲ್ಲ ಹಾಗೇ ಹೇಳಿದೆ. ಅವಳಿಗೆ ಏನು ಬೇಕೆಂದು ಯಾರೂ ಕೇಳಲಿಲ್ಲ.

ಕ್ರೂಸರ್‌ನಲ್ಲಿ ಹುಮನಾಬಾದ್ ರಸ್ತೆ ಹಿಡಿದು ಹೋಗುವಾಗ ಫಾರ್ವರ್ಡ್ ಆಡುವವಳು, ‘ಸೋತ್ರ ನಮಗ ಲಗ್ನದ ಊಟ, ಗೆದ್ರ ಬರೀ ಕಪ್. ಲಗೂನ ಹೇಳ್ರಿ, ಯಾವುದಕ್ಕ ಆಡೋದು?’ ಎಂದಳು. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳೆಂದೇ ನೆನಪು.

ಕಮಲಾಪುರದ ಮೈದಾನಕ್ಕೆ ಕೆಂಪು ಮೊರಂ ಹಾಸಿ ರೋಲರ್ ಹೊಡೆದಿದ್ದರು. ಹೆಜ್ಜೆಯಿಟ್ಟರೆ ಅಂಗಾಲು ನೋಯುವಷ್ಟು ಗಟ್ಟಿ. ಆಟ ಶುರುವಾದ ಸ್ವಲ್ಪ ಹೊತ್ತಿಗೆ ಒಂದು ಚೆಂಡು ನೆಲಕ್ಕೆ ಬಿದ್ದದ್ದೇ ನನ್ನ ಭುಜ ದಾಟಿ ಎದ್ದಿತು. ಅಕ್ಕ ಹಾರಿ, ಬೆರಳ ತುದಿಯಿಂದ ಅದನ್ನು ಅಡ್ಡಕಂಬದ ಮೇಲಿಂದ ಆಚೆ ತಳ್ಳಿದಳು. ಹಾಫ್ ಟೈಮಿನಲ್ಲಿ ಅಲ್ಲಿನವರು ಕೊಟ್ಟ ಕೆಂಪು ಬಾಳೆಹಣ್ಣು ಸುಲಿಯುತ್ತ ನನ್ನ ಹತ್ತಿರ ಬಂದಳು.

‘ಇಲ್ಲಿ ಪುಟೀತದ. ಬೀಳಾಕ ಬಿಡಬ್ಯಾಡ, ತಲಿ ಕೊಡು.’

ನನಗೆ ಅನುಮಾನವಿರುವುದು ಈ ಮಾತಿನ ಬಗ್ಗೆಯೇ. ಹೇಳಿದವರು ಸರ್ ಇರಬಹುದು. ಆಟ ಮುಗಿದ ಮೇಲೆ ಯಾರೋ ‘ತಲಿ ಕೊಡಬೇಕಿತ್ತು’ ಎಂದದ್ದನ್ನು ನಾನು ಹಿಂದಕ್ಕೆ ತಂದು ಅಕ್ಕನ ಬಾಯಲ್ಲಿ ಇಟ್ಟಿರಲೂಬಹುದು. ಆದರೆ ಮಾತಿನ ಜೊತೆಗೆ ಬಾಳೆಹಣ್ಣಿನ ವಾಸನೆಯೂ ನೆನಪಿಗೆ ಬರುತ್ತದೆ.

ಎರಡೂ ಕಡೆ ಗೋಲಿರಲಿಲ್ಲ. ಆಟ ಮುಗಿಯುತ್ತ ಬಂದಿತ್ತು. ಸರ್ ಗೆರೆಯ ಪಕ್ಕ ಆಚೆ ಈಚೆ ಓಡಾಡುತ್ತಿದ್ದರು. ಎದುರಾಳಿಗಳ ಬ್ಯಾಕ್ ಒಬ್ಬಳು ಬಲವಾಗಿ ಒದ್ದ ಚೆಂಡು ನನ್ನ ಕಡೆಗೇ ಇಳಿಯತೊಡಗಿತು. ತಲೆ ಕೊಡಲು ಕಾಲೂರಿದೆ. ಹಿಂದಿನಿಂದ ದನಿ ಬಂತು.

‘ಬೀಳ್ಲಿ.’

ಸರಿದೆ. ಚೆಂಡು ಮೊರಮಿಗೆ ಬಡಿದು ಎದ್ದಿತು. ತಿರುಗಿ ನೋಡುವಷ್ಟರಲ್ಲಿ ಅದು ಬಲೆಯಲ್ಲಿತ್ತು. ಅಕ್ಕ ಎರಡೂ ಕೈ ಕೆಳಗೆ ಬಿಟ್ಟು ನಿಂತಿದ್ದಳು. ಎತ್ತಿ ಇಳಿಸಿದ್ದಳೋ, ಎತ್ತಲೇ ಇಲ್ಲವೋ ನಾನು ನೋಡಲಿಲ್ಲ.

‘ಎರೆ ನೆಲದ ರೂಢಿ, ಏನ್ ಮಾಡೋದವ್ವ,’ ಎಂದರು ಸರ್. ಎಲ್ಲರೂ ಒಪ್ಪಿದರು. ಬರುವಾಗ ನಾನು ದಾರಿಯುದ್ದಕ್ಕೂ ಅಳುತ್ತಿದ್ದೆ, ಅಕ್ಕ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ದಣಿವು ಎಂದುಕೊಂಡೆ. ಪರೀಕ್ಷೆ ಮುಗಿದದ್ದೇ ಲಗ್ನವಾಯಿತು.

ಆಮೇಲೆ ಇಷ್ಟು ವರ್ಷ, ಹುಡುಗಿಯರ ಆಟ ಹೇಗೆ ನಿಲ್ಲುತ್ತದೆ ಎಂಬ ಮಾತು ಬಂದಾಗಲೆಲ್ಲ ನಾನು ಈ ಗೋಲಿನ ಕಥೆ ಹೇಳಿದ್ದೇನೆ. ಕೇಳಿದವರು ನಿಟ್ಟುಸಿರು ಬಿಟ್ಟಿದ್ದಾರೆ.

ಹೋದ ತಿಂಗಳು ಕೋಟನೂರಿಗೆ, ಅವಳ ಮನೆಗೆ ಹೋಗಿದ್ದೆ. ಟಿ.ವಿ.ಯಲ್ಲಿ ಯಾವುದೋ ಮ್ಯಾಚ್ ನಡೆದಿತ್ತು. ಭಾವ ಅದನ್ನೇ ನೋಡುತ್ತ, ‘ನಿಮ್ಮಕ್ಕನ ಮುಂದ ಇವರೇನ್ರಿ. ಸಂಬಂಧ ಕೇಳೂಕಿಂತ ಮೊದಲೇ ನಾ ನಿಮ್ಮ ಮ್ಯಾಚ್ ನೋಡಾಕ ಬರ್ತಿದ್ದೆ. ಒಂದೂ ಗೋಲ್ ಬಿಡ್ತಿದ್ದಿಲ್ಲ,’ ಎಂದರು.

‘ಕಂಪೌಂಡ್ ಗೋಡಿ ಮ್ಯಾಲ ಕುಂತು ಶೇಂಗಾ ತಿಂತಿದ್ರಿ,’ ಎಂದಳು ಅಕ್ಕ. ‘ಆಟ ಯಾವಾಗ ನೋಡಿದ್ರಿ?’

ಅವಳು ಎದ್ದಾಗ ನಾನೂ ಹಿಂದೆಯೇ ಅಡುಗೆಮನೆಗೆ ಹೋದೆ. ಅವಳು ಹಿಟ್ಟು ನಾದತೊಡಗಿದಳು.

‘ಅಕ್ಕಾ, ಖರೆ ಹೇಳು. ಆವತ್ತು ಕಮಲಾಪುರದಾಗ ಮರ್ತು ಒದರಿದ್ಯೋ, ಗೊತ್ತಿದ್ದೇ ಒದರಿದ್ಯೋ?’

ಅವಳು ಹಿಟ್ಟಿಗೆ ಇನ್ನಷ್ಟು ಬಿಸಿನೀರು ಸುರಿದುಕೊಂಡು, ನಾನು ಎಷ್ಟು ರೊಟ್ಟಿ ಉಣ್ಣುತ್ತೇನೆ ಎಂದು ಕೇಳಿದಳು. ಆಮೇಲೆ ಫೋನಿನಲ್ಲಿ ಹಲವು ಸಲ ಮಾತಾಡಿದ್ದೇವೆ. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ.