ಗಾಳಿಗೆ ಅಡ್ಡ ಕಟ್ಟಿದ ತಟ್ಟಿ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಜಗಳೂರು ಕಡೆಯ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ನರ್ಸಾಗಿದ್ದೆ. ಕರೆಂಟು ಬರುವುದಕ್ಕಿಂತ ಹೋಗುವುದೇ ಹೆಚ್ಚಾಗಿದ್ದ ಊರು. ಅಲ್ಲಿಗೆ ಲಸಿಕೆ ಇಡಲು ಒಂದು ಫ್ರಿಜ್ಜು ಬಂತು, ಅದನ್ನು ನಡೆಸಲು ತಾರಸಿಯ ಮೇಲೆ ಸೋಲಾರ್ ಹಲಗೆಗಳು ಬಂದವು. ಕೂರಿಸಲು ಬಂದವರು ಅವನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಓರೆಯಾಗಿ ನಿಲ್ಲಿಸಿ, "ದೂಳು ಒರೆಸ್ರಿ, ನೆರಳು ಬೀಳದಂಗೆ ನೋಡ್ಕಳ್ರಿ" ಎಂದಷ್ಟೇ ಹೇಳಿ ಜೀಪು ಹತ್ತಿದರು. ಬಿಸಿಲಿಗೆ ಬರವಿಲ್ಲದ ಸೀಮೆ, ಇನ್ನೇನು ಬೇಕು ಎಂದುಕೊಂಡೆ.

ಉಪಕೇಂದ್ರಕ್ಕೆ ಜಾಗ ಕೊಟ್ಟವರು ಊರ ಗೌಡರು. ಹಾಗಾಗಿ ತಾರಸಿಯೂ ತಮ್ಮದೇ ಎಂಬುದು ಅವರ ಲೆಕ್ಕ. ನಾನು ರಜೆ ಹಾಕಿ ಬಸವಾಪಟ್ಟಣದ ತವರಿಗೆ ಹೋಗಿ ಬರುವುದರೊಳಗೆ ಅವರು ಸ್ಟ್ಯಾಂಡು ಬಿಚ್ಚಿಸಿ, ಹಲಗೆಗಳನ್ನು ತಾರಸಿಗೆ ಅಂಟಿದಂತೆ ಮಲಗಿಸಿ, ಸುತ್ತ ಕಲ್ಲು ಹೇರಿಸಿದ್ದರು. ಗಾಳಿ ಬೀಸುವ ಕಡೆಗೆಲ್ಲ ಜೋಳದ ದಂಟಿನ ತಟ್ಟಿ ಕಟ್ಟಿಸಿದ್ದರು.

"ಇದೇನು ಗೌಡ್ರೇ?" ಎಂದೆ.

"ಆಷಾಢದ ಗಾಳಿ ನಿಮಗೇನು ಗೊತ್ತೈತೆ ನರ್ಸಮ್ಮ? ಮನೆ ತಗಡೇ ಹಾರಿಸ್ಕೊಂಡು ಹೋಗ್ತೈತೆ. ಹಿಂಗಾದ್ರೆ ಗಾಳಿಯೂ ತಾಗಲ್ಲ, ಕಾವೂ ಚೆನ್ನಾಗಿ ಹಿಡೀತೈತೆ. ನೀವು ಸಂಡಿಗೆ ಒಣಗ್ಸಲ್ವೇನ್ರೀ?"

ಸಂಡಿಗೆಯ ವಿದ್ಯೆ ನನಗೂ ಬರುತ್ತಿತ್ತು. ಕಾದ ತಾರಸಿ, ಗಾಳಿಗೆ ಮರೆ, ಸುಡುವ ಬಿಸಿಲು. ಸರಿಯಾಗೇ ಇದೆ ಅನ್ನಿಸಿತು.

ಏಪ್ರಿಲ್ ಬಂತು. ತಾರಸಿಯ ಮೇಲೆ ಕಾಲಿಡಲಾಗದ ಬಿಸಿಲು. ಅಂಥ ಬಿಸಿಲಲ್ಲೇ ನಮ್ಮ ಫ್ರಿಜ್ಜು ಮಂಕಾಯಿತು. ಬ್ಯಾಟರಿ ಪೆಟ್ಟಿಗೆಯಲ್ಲಿ ಹಲಗೆಗಳಿಂದ ಬರುವ ಕರೆಂಟು ತೋರಿಸುವ ಒಂದು ಮುಳ್ಳಿತ್ತು. ಬೆಳಗ್ಗೆ ಅದು ಉತ್ಸಾಹದಿಂದ ಏಳುತ್ತಿತ್ತು, ಮಧ್ಯಾಹ್ನ ಊರೆಲ್ಲ ಬೇಯುವ ಹೊತ್ತಿಗೆ ತಾನೂ ಸುಸ್ತಾಗಿ ಕೆಳಗೆ ಜಾರುತ್ತಿತ್ತು. ಫ್ರಿಜ್ಜಿನೊಳಗಿನ ಥರ್ಮಾಮೀಟರು ಮಾತ್ರ ಏರುತ್ತಲೇ ಇತ್ತು. ದಡಾರದ ಲಸಿಕೆ ಕೆಟ್ಟಿತು. ಲಸಿಕೆಯ ದಿನ ತಿಂಗಳಿಗೊಂದು ಗುರುವಾರ. ಬಂದ ತಾಯಂದಿರನ್ನೆಲ್ಲ ವಾಪಸು ಕಳಿಸಿದೆ. ಮುಂದಿನ ತಿಂಗಳೂ ಅದೇ ಕತೆ.

ಅವರಲ್ಲೊಬ್ಬಳು ಕಲ್ಲು ಒಡೆಯುವ ಕೂಲಿಯ ಹೆಂಗಸು. ಅವಳ ಮೊದಲ ಮಗು ದಡಾರದಲ್ಲೇ ಹೋಗಿತ್ತು. ಸೊಂಟದ ಮೇಲಿದ್ದದ್ದು ಎರಡನೆಯದು. "ಪಕ್ಕದ ಕೇರೀಲಿ ಮತ್ತೆ ದಡಾರ ಎದ್ದೈತಂತೆ ನರ್ಸಮ್ಮ" ಎಂದಳು. "ಕೂಲಿ ಬಿಟ್ಟು ಅಷ್ಟು ದೂರದಿಂದ ಬರ್ತೀನಿ. ಇನ್ನೊಂದು ಸಲ ಬರ್ತೀನಿ, ಅವತ್ತೂ ಹಿಂಗೇ ಅಂದ್ರೆ ಮತ್ತೆ ಬರಲ್ಲ ನೋಡ್ರಿ." ನನಗೆ ಎಲ್ಲರ ಮೇಲೂ ಸಿಟ್ಟು ಬಂತು, ಸೂರ್ಯನ ಮೇಲೂ.

ಜೂನಿನಲ್ಲಿ ಗಾಳಿ ಶುರುವಾಯಿತು. ಲಸಿಕೆ ಬಂದಿಳಿದ ಸೋಮವಾರವೇ ಒಂದು ಹೊಡೆತಕ್ಕೆ ತಟ್ಟಿ ಕಿತ್ತುಕೊಂಡು ಹೋಗಿ ಬೇಲಿಗೆ ಬಿತ್ತು. ಒಳಗೆ ಹೋಗಿ ನೋಡಿದರೆ ಮುಳ್ಳು ಮೇಲೆದ್ದಿದೆ! ಅದೇ ಬಿಸಿಲು, ಅದೇ ಮಧ್ಯಾಹ್ನ. ಹೊಸದಾಗಿ ಬಂದದ್ದು ಗಾಳಿಯೊಂದೇ. ಆಗ ತಲೆಗೆ ಹೊಳೆಯಿತು. ಹಲಗೆಗೆ ಬೇಕಾದ್ದು ಬಿಸಿಲಿನ ಬೆಳಕು, ಬಿಸಿಯಲ್ಲ. ಮೈ ಕಾದಷ್ಟೂ ಅದು ಕೈ ಬಿಗಿಹಿಡಿಯುತ್ತದೆ, ಗಾಳಿ ತಾಗಿ ತಣ್ಣಗಾದರೆ ಧಾರಾಳವಾಗಿ ಕೊಡುತ್ತದೆ. ನಾವು ಬೇಸಿಗೆಯುದ್ದಕ್ಕೂ ಅದನ್ನು ಪ್ರೀತಿಯಿಂದ ಹುರಿದಿದ್ದೆವು.

ಗೌಡರು ಹೊಸ ತಟ್ಟಿ ಹೊರಿಸಿಕೊಂಡು ಬಂದರು. ನಾನು ಏಣಿಗೆ ಅಡ್ಡ ನಿಂತೆ.

"ಹಲಗೆಗಳನ್ನ ಸ್ಟ್ಯಾಂಡಿಗೆ ಎತ್ತಿಸ್ರಿ. ಕೆಳಗೂ ಗಾಳಿ ಆಡ್ಬೇಕು."

"ಊರ ಆಸ್ತಿ ಹಾರಿಹೋದ್ರೆ ಯಾರು ಜವಾಬ್ದಾರಿ?"

"ನಾನು."

"ನೀವು ಟ್ರಾನ್ಸ್‌ಫರ್ ಆಗಿ ಹೋಗ್ತೀರಿ. ಆಮೇಲೆ?"

ಆ ಹೆಂಗಸಿನ ವಿಷಯ ಹೇಳಿದೆ. ಗೌಡರು ಆಳುಗಳನ್ನು ಕರೆಸಿ ಹಲಗೆಗಳನ್ನು ಸ್ಟ್ಯಾಂಡಿಗೆ ಎತ್ತಿಸಿದರು. ಆದರೆ ಗಾಳಿಯನ್ನು ನಂಬಲು ಅವರಿಗೆ ಮನಸ್ಸು ಬರಲಿಲ್ಲ. ಅಂದಿನಿಂದ ತಾವೇ ಮೇಲೆ ಹತ್ತಿ, ಸ್ಟ್ಯಾಂಡಿನ ಕಾಲು ಹಿಡಿದು ಕೂರತೊಡಗಿದರು.

ಗುರುವಾರ ಬೆಳಗ್ಗೆ ಮುಳ್ಳು ಮತ್ತೆ ಕುಸಿಯಿತು. ಅಂಗಳಕ್ಕೆ ಓಡಿ ಬಂದು ಮೇಲೆ ನೋಡಿದೆ. ಗೌಡರು ಚೆನ್ನಾಗಿ ಕಾವಲು ಕಾಯಲೆಂದು ಹಲಗೆಗಳ ಮುಂದೆಯೇ ಕೂತುಬಿಟ್ಟಿದ್ದರು.

"ಗೌಡ್ರೇ, ಹಿಂದಕ್ಕೆ ಸರೀರಿ. ನಿಮ್ಮ ನೆರಳು ಬೀಳ್ತೈತೆ."

"ನನ್ನ ನೆರಳೂ ಆಗಲ್ವೇನ್ರೀ ಇದಕ್ಕೆ?" ಎನ್ನುತ್ತಾ ಸರಿದರು. ಮುಳ್ಳು ಎದ್ದಿತು. ಥರ್ಮಾಮೀಟರು ಎಲ್ಲಿರಬೇಕೋ ಅಲ್ಲೇ ಇತ್ತು.

ಅವಳು ಬಂದಳು. ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದಳು. "ಬಾ" ಎಂದೆ. ಸೂಜಿ ಚುಚ್ಚಿದ್ದೂ ಆಯಿತು, ಮಗು ಕಿರುಚಿದ್ದೂ ಆಯಿತು.

"ಇಷ್ಟೇನಾ?" ಎಂದಳು.

"ಇಷ್ಟೇ ಕಣವ್ವ."

ಅವಳು ಮಗುವನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಕೇಳಿದಳು: "ನನ್ನ ಮೊದಲ್ನೇ ಮಗೂಗೂ ಇಷ್ಟೇ ಸಾಕಾಗಿತ್ತೇನ್ರೀ?"

ಮಗುವಿನ ತೋಳಿನ ಮೇಲೆ ಹತ್ತಿ ಒತ್ತಿ ಹಿಡಿದುಕೊಂಡೇ ಇದ್ದೆ.