ಇಸ್ತ್ರಿ ಹಾಕಿದ ಪುದೀನ

ದೊಡ್ಡಮ್ಮ ಟೈಲರ್. ಬಟ್ಟೆಯಲ್ಲಾಗಲಿ ಮನುಷ್ಯರಲ್ಲಾಗಲಿ, ಸುಕ್ಕು ಕಂಡರೆ ಆಗದು. ಡಾಕ್ಟರು ದೊಡ್ಡಪ್ಪನಿಗೆ ಸಕ್ಕರೆ ಚಹಾ ಬಿಡಿಸಿದ ಮೇಲೆ, ಒಣಗಿಸಿದ ಪುದೀನ ಎಲೆಯ ಚಹಾ ಕುಡಿಸುವ ಹಟ ಹಿಡಿದಳು. ದೊಡ್ಡಪ್ಪ ದಿನಾ ಬೆಳಿಗ್ಗೆ ಅದನ್ನು ಕಿಟಕಿಯ ಕುಂಡಕ್ಕೆ ಸುರಿದು, ಬೀದಿ ತುದಿಯ ಅಂಗಡಿಗೆ ಹೋಗಿ ಸಿಹಿ ಚಹಾ ಹೀರಿ ಬರುತ್ತಿದ್ದ. ಹೀಗೇ ಆದರೆ ಸಕ್ಕರೆ ಕಾಯಿಲೆ ಏರಿ ಒಂದು ದಿನ ಗಂಡ ಕೈಬಿಟ್ಟು ಹೋಗುತ್ತಾನೆ ಎಂಬ ಭಯ ದೊಡ್ಡಮ್ಮನ ಎದೆಯಲ್ಲಿ ಕೂತಿತು.

"ಏ ವಿಜ್ಞಾನಿ, ಈ ಮನುಷ್ಯನ ಗಂಟಲಲ್ಲಿ ಇದು ಇಳಿಯೋ ದಾರಿ ಹೇಳೋ," ಎಂದಳು ಮೈದುನನ ಮಗನಿಗೆ.

ವಿಜ್ಞಾನಿ ಎಂದರೆ ಚಹಾ ಕಾರ್ಖಾನೆಯ ಲ್ಯಾಬಿನಲ್ಲಿ ಗಾಜಿನ ನಳಿಕೆ ತೊಳೆಯುವವನು. ಆದರೂ ಗಂಭೀರವಾಗಿ ಗಂಟಲು ಸರಿಮಾಡಿಕೊಂಡ. "ನೆರಳಲ್ಲಿ ಒಣಗಿಸು ದೊಡ್ಡಮ್ಮ. ಆಂಟಿಆಕ್ಸಿಡೆಂಟ್ ಅಂತಾರಲ್ಲ, ಎಲೆಯ ಸತ್ವ, ಅದು ಉಳಿಯುತ್ತೆ."

ಮಳೆ ಹಿಡಿಯಿತು. ನೆರಳಲ್ಲಿಟ್ಟ ಎಲೆ ಕಪ್ಪಾಗಿ ಮುಗ್ಗಲು ಹಿಡಿಯಿತು. ದೊಡ್ಡಮ್ಮ ಸುಮ್ಮನಿರುವವಳೇ? ಹೊಸ ಎಲೆ ಕಿತ್ತು, ಒದ್ದೆ ಬಟ್ಟೆಗಳ ನಡುವೆ ಹರಡಿ, ಕಾದ ಇಸ್ತ್ರಿಪೆಟ್ಟಿಗೆ ಒತ್ತಿದಳು. ಬುಸ್ಸೆಂದು ಆವಿ ಎದ್ದಿತು. ಆಮೇಲೆ ಫ್ಯಾನಿನ ಕೆಳಗೆ ಒಣಗಿಸಿದಳು.

"ಹಾಗೇ ಕಾಲರೂ ಹೊಲಿದುಬಿಡು," ಎಂದು ವಿಜ್ಞಾನಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಗು, ನಗು. ನಡಿ, ನಿನ್ನ ಲ್ಯಾಬಲ್ಲೇ ನೋಡೋಣ."

ಲ್ಯಾಬಿನ ಮೇಡಂ ಎರಡು ನಳಿಕೆಗಳಿಗೆ ನೇರಳೆ ದ್ರಾವಣ ಹಾಕಿದರು. ಆಂಟಿಆಕ್ಸಿಡೆಂಟ್ ಹೆಚ್ಚಿದ್ದಷ್ಟೂ ಅದರ ಬಣ್ಣ ಹೋಗುತ್ತದೆ. ನೆರಳಲ್ಲಿ ಕಪ್ಪಾದ ಎಲೆಯ ಚಹಾ ಬಿದ್ದ ನಳಿಕೆ ಕೊಂಚ ಮಂಕಾಯಿತು, ಅಷ್ಟೇ. ಇಸ್ತ್ರಿ ಎಲೆಯದು ಬಿದ್ದದ್ದೇ ತಡ, ನೇರಳೆ ಸಡಿಲವಾಗಿ, ತೆಳುವಾಗಿ, ಕಣ್ಣೆದುರೇ ಒಣಹುಲ್ಲಿನ ಹಳದಿಗೆ ತಿರುಗಿತು.

ದೊಡ್ಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ, ಎಲ್ಲಿ ಹೋಯ್ತೋ ಅಷ್ಟೊಂದು ಬಣ್ಣ?"

"ಕಿತ್ತ ಎಲೆ ತನ್ನೊಳಗಿನ ರಸದಿಂದ ತಾನೇ ಕಪ್ಪಾಗ್ತಾ ಹೋಗುತ್ತೆ," ಎಂದರು ಮೇಡಂ. "ನಿಮ್ಮ ಆವಿ ಅದನ್ನ ತಡೆದಿದೆ."

ವಿಜ್ಞಾನಿಯ ನಗು ಎಲ್ಲೋ ಅಡಗಿತ್ತು. ಇಷ್ಟು ಕಾಲ ನಳಿಕೆಗಳು ಅವನ ಕೈಗೆ ಬಂದದ್ದೆಲ್ಲ ಬಣ್ಣ ಹೋದ ಮೇಲೆ. ಹೋಗುವ ಆ ಗಳಿಗೆಯನ್ನು ಒಮ್ಮೆಯೂ ನಿಂತು ನೋಡಿರಲಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಎಲೆಯೊಳಗೆ ಇಷ್ಟೆಲ್ಲ ನಡೆಯುತ್ತದೆಯೇ! ಮೈ ಜುಮ್ಮೆಂದಿತು.

ಮರುದಿನ ದೊಡ್ಡಮ್ಮ, ಘಮ ಹಾರಿಹೋದೀತೆಂದು, ಇಸ್ತ್ರಿ ಎಲೆಯನ್ನು ಕುದಿಸಲಿಲ್ಲ. ಬಿಸಿನೀರು ಹೊಯ್ದು ಮುಚ್ಚಿಟ್ಟು, ಸೋಸಿ ಕೊಟ್ಟಳು. ದೊಡ್ಡಪ್ಪ ಎಂದಿನಂತೆ ಲೋಟ ಹಿಡಿದು ಕಿಟಕಿಗೆ ನಡೆದ. ದೊಡ್ಡಮ್ಮ, ವಿಜ್ಞಾನಿ ಇಬ್ಬರೂ ಬಾಗಿಲಲ್ಲಿ ಇಣುಕಿ ನಿಂತರು. ಕುಂಡದ ಮೇಲೆ ಲೋಟ ಓರೆಯಾಯಿತು, ಹಾಗೇ ನಿಂತಿತು. ದೊಡ್ಡಪ್ಪ ಮೂಸಿದ. ಒಂದು ಗುಟುಕು. ಮತ್ತೊಂದು.

"ಏನೇ ಇದು, ಈಗ್ತಾನೆ ಕಿತ್ತ ಹಾಗಿದೆ?"

"ಅಂಗಡಿಗೆ ಹೋಗಲ್ವಾ?" ಎಂದಳು ದೊಡ್ಡಮ್ಮ, ದನಿ ನಡುಗದಂತೆ.

"ಈ ಮಳೇಲಿ ಯಾರು ಹೋಗ್ತಾರೆ?"

ಹೊರಗೆ ಚೆನ್ನಾಗಿ ಬಿಸಿಲು ಬಿದ್ದಿತ್ತು.