ಗಾಜಿನ ಆಚೆಯ ಸೀಟು

ವರ್ಲೀನ್ ಬ್ರಾತ್‌ವೇಟ್‌ಳ ಮುಂದಿನ ಎರಡು ಹಲ್ಲು ಉದುರಿದ್ದು ೧೯೭೩ರ ಅಕ್ಟೋಬರಿನ ಒಂದು ಶನಿವಾರ, ಫುಟ್‌ಬಾಲ್ ಪಂದ್ಯ ಮುಗಿದು ಜನ ಮನೆಗೆ ಮರಳುವ ಹೊತ್ತಿನಲ್ಲಿ. ಆಗ ನಾನು ಥಾರ್ನ್‌ಲೀ ಬಸ್ ಡಿಪೋದ ಕ್ಯಾಂಟೀನಿನಲ್ಲಿ ಚಹಾ ಮಾಡುತ್ತಿದ್ದೆ. ಭಾನುವಾರದ ಪ್ರಾರ್ಥನೆಗೆ ಚಾಪೆಲ್‌ನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ನಡೆದದ್ದನ್ನು ಅವಳ ಬಾಯಿಂದಲೇ ಕೇಳಿದ್ದೇನೆ.

ಬಾರ್ಬಡೋಸ್ ದ್ವೀಪದಿಂದ ಇಪ್ಪತ್ತೆರಡನೇ ವಯಸ್ಸಿಗೆ ಇಲ್ಲಿಗೆ ಬಂದವಳು. ಊರಲ್ಲಿ ಸೋದರಮಾವನ ಕಬ್ಬಿನ ಲಾರಿ ಓಡಿಸಿದ ಕೈ. ಇಲ್ಲಿ ಒಂಬತ್ತು ವರ್ಷದಿಂದ ಕಂಡಕ್ಟರ್. ಡ್ರೈವರ್ ತರಬೇತಿಗೆ ಮೂರು ಸಲ ಅರ್ಜಿ ಹಾಕಿದ್ದಳು. ಮೂರನೆಯದನ್ನು ಆ ಶನಿವಾರಕ್ಕೆ ಹನ್ನೆರಡು ದಿನ ಮೊದಲು, ನನ್ನ ಕ್ಯಾಂಟೀನಿನಲ್ಲೇ ನಡೆದ ಯೂನಿಯನ್ ಸಭೆಯಲ್ಲಿ, ಗಂಡಸರು ಕೈ ಎತ್ತಿ ಮತ ಹಾಕಿ ತಳ್ಳಿಹಾಕಿದರು. ಮೊದಲು ಎದ್ದು ಮಾತಾಡಿದವನು ಅವಳದೇ ಬಸ್ಸಿನ ಡ್ರೈವರ್, ವಿಲ್ಫ್ ಆಕ್ರಾಯ್ಡ್.

"ಟಿಕೆಟ್ ಹರಿಯೋದು ಬೇರೆ, ಸ್ಟೀರಿಂಗ್ ಹಿಡಿಯೋದು ಬೇರೆ. ಹೆಂಗಸು, ಅದ್ರಲ್ಲೂ ಕರಿ ಹೆಂಗಸು! ಹೊಲಿಗೆ ಮಿಷನ್ ಅಂದ್ಕೊಂಡು ಬ್ರೇಕ್ ತುಳೀತಾಳೆ."

ಎಲ್ಲರೂ ನಕ್ಕರು. ವರ್ಲೀನ್ ಚಹಾದ ಕಪ್ಪನ್ನು ಕೆಳಗಿಟ್ಟಳು. "ಒಂಬತ್ತು ವರ್ಷದಿಂದ ನಾನು ಗಂಟೆ ಹೊಡೀದೆ ನಿಮ್ಮ ಬಸ್ಸು ಒಂದು ಗೇಣೂ ಕದಲಿಲ್ಲ, ಆಕ್ರಾಯ್ಡ್ ಅವ್ರೇ."

ಅದು ನಿಜ. ಆ ಕಾಲದ ಎರಡಂತಸ್ತಿನ ಬಸ್ಸುಗಳಲ್ಲಿ ಡ್ರೈವರ್ ಮುಂದಿನ ಗೂಡಿನಲ್ಲಿ ಒಬ್ಬನೇ. ಹತ್ತಲು ಹೊರಗಿನಿಂದಲೇ ಬೇರೆ ಬಾಗಿಲು, ಬೆನ್ನ ಹಿಂದೆ ಗಾಜು. ಕಂಡಕ್ಟರ್ ಜನರ ಮಧ್ಯೆ. ಇಬ್ಬರಿಗೂ ಗಂಟೆಯೇ ಮಾತು: ಒಂದು ಹೊಡೆದರೆ ನಿಲ್ಲಿಸು, ಎರಡಾದರೆ ಹೊರಡು, ನಾಲ್ಕಾದರೆ ಅಪಾಯ.

ಆ ಶನಿವಾರ ಮೇಲಿನ ಅಂತಸ್ತಿನಲ್ಲಿ ಏಳು ಜನ ಪಡ್ಡೆ ಹುಡುಗರು ಸೀಟುಗಳನ್ನು ಚಾಕುವಿನಿಂದ ಹರಿಯುತ್ತಿದ್ದರು. ಟಿಕೆಟ್ಟಿಗೆ ದುಡ್ಡು ಕೇಳಲು ವರ್ಲೀನ್ ಮೆಟ್ಟಿಲು ಹತ್ತಿದಳು.

"ಮರದಿಂದ ಇಳಿದು ಬಂದು ನಮ್ಹತ್ರ ದುಡ್ಡು ಕೇಳ್ತೀಯೇನೇ?" ಅಂದ ಒಬ್ಬ.

"ಮೇಲೆ ಹತ್ತಿ ಕೂತಿರೋರು ನೀವು," ಅಂದಳು ವರ್ಲೀನ್. "ಇಳೀರಿ ಕೆಳಗೆ."

ಬೂಟು ನೇರ ಬಾಯಿಗೆ ಬಿತ್ತು. ಮೆಟ್ಟಿಲುಗಳ ಮೇಲೆ ಉರುಳಿ ಕೆಳಗೆ ಬಿದ್ದಳು. ಎಡಗೈ ಬೆರಳುಗಳನ್ನು ಒಬ್ಬ ಹಿಮ್ಮಡಿಯಿಂದ ತುಳಿದು ತಿರುಚಿದ. ಬಲಗೈ ಚಾಚಿ ಗಂಟೆ ಹೊಡೆದಳು. ನಾಲ್ಕು ಸಲ.

ವಿಲ್ಫ್ ಬಸ್ಸು ನಿಲ್ಲಿಸಿ, ಗೂಡಿನಿಂದಿಳಿದು ಬಸ್ಸನ್ನು ಸುತ್ತಿ ಹಿಂದಿನ ಬಾಗಿಲಿಗೆ ಓಡಿಬಂದ. ಬಾಯಿ ತೆರೆಯುವ ಮೊದಲೇ ಬಿಯರ್ ಬಾಟಲಿ ಅವನ ಮುಖದ ಮೇಲೆ ಒಡೆಯಿತು. ರಸ್ತೆಗೆ ಬಿದ್ದವನ ಪಕ್ಕೆಗೆ, ತಲೆಗೆ ಒದೆಯತೊಡಗಿದರು. ಬಸ್ಸಿನಲ್ಲಿದ್ದವರು ಯಾರೂ ಸೀಟು ಬಿಟ್ಟು ಏಳಲಿಲ್ಲ.

ವರ್ಲೀನ್ ಕೊರಳಿನ ಟಿಕೆಟ್ ಮಿಷನ್ನನ್ನು ಪಟ್ಟಿಯ ಸಮೇತ ತೆಗೆದಳು. ಗಟ್ಟಿ ಉಕ್ಕಿನದು. ಪಟ್ಟಿ ಹಿಡಿದು ಬೀಸಿದಳು. ಬಾಟಲಿ ಹಿಡಿದಿದ್ದವನ ದವಡೆ ಮುರಿದ ಸದ್ದು ತನಗೆ ಕೇಳಿಸಿತು ಅಂದಳು. ಅವನು ಬಿದ್ದ. ಅವಳು ಇನ್ನೊಮ್ಮೆ ಬೀಸಿದಳು. ಉಳಿದವರು ಓಡಿದರು.

ವಿಲ್ಫ್‌ನ ಬಲಗಣ್ಣು ಹೋಯಿತು.

ಮೂರು ವಾರದ ನಂತರ ವಿಚಾರಣೆ. ಡಿಪೋ ಮೇಲ್ವಿಚಾರಕ ಪಿಕರ್ಸ್‌ಗಿಲ್ ಅವರ ಕೋಣೆಗೆ ಚಹಾ ಒಯ್ದವಳು ನಾನೇ. ಪ್ರಯಾಣಿಕರ ಮೇಲೆ ಕೈ ಮಾಡಿದವರು ಪ್ರಯಾಣಿಕರ ನಡುವೆ ಕೆಲಸ ಮಾಡುವಂತಿಲ್ಲ ಎಂಬುದು ನಿಯಮ. ತನ್ನನ್ನು ಕಾಪಾಡಿಕೊಳ್ಳಲು ಹೊಡೆದ ಒಂದೇಟಾದರೆ ಕ್ಷಮೆಯುಂಟು.

"ಒಂದೇ ಏಟು," ಅಂದ ವಿಲ್ಫ್. "ಕಣ್ಣಾರೆ ನೋಡ್ದೆ."

"ಯಾವ ಕಣ್ಣಲ್ಲಿ ನೋಡಿದ್ರಿ?" ಅಂದರು ಪಿಕರ್ಸ್‌ಗಿಲ್.

"ಉಳಿದಿರೋದ್ರಲ್ಲಿ."

ವರ್ಲೀನ್ ಕಟ್ಟು ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಎರಡು ಏಟು, ಸಾರ್. ಎರಡನೇದು ಅವನು ಬಿದ್ದ ಮೇಲೆ. ಅದನ್ನ ಕೋಪದಲ್ಲಿ ಹೊಡ್ದೆ."

"ಅಯ್ಯೋ, ಬಾಯಿ ಮುಚ್ಕೊಂಡಿರ್ಬಾರ್ದಾ ನೀನು!" ಎಂದು ವಿಲ್ಫ್ ಮೇಜು ಗುದ್ದಿದ. ನನ್ನ ಚಹಾ ಚೆಲ್ಲಿತು.

ಪಿಕರ್ಸ್‌ಗಿಲ್ ಪೆನ್ನು ತೆರೆದರು. "ಹಾಗಾದ್ರೆ ನಾನೇನೂ ಮಾಡೋ ಹಾಗಿಲ್ಲಮ್ಮ. ನಿನ್ನನ್ನ ಜನರ ಮಧ್ಯೆ ಬಿಡೋಕಾಗಲ್ಲ."

"ಜನರ ಮಧ್ಯೆ ತಾನೇ?" ಅಂದ ವಿಲ್ಫ್. "ಗಾಜಿನ ಆಚೆ ಕೂರಿಸಿ. ಅಲ್ಲಿಂದ ಯಾರಿಗೂ ಕೈ ಎಟುಕಲ್ಲ. ಒಂಬತ್ತು ವರ್ಷ ಈ ಬಾಯಿಬಡುಕಿ ಕೆನ್ನೆಗೆ ಬಾರಿಸ್ಬೇಕು ಅಂತ ನಂಗೇ ಎಷ್ಟೋ ಸಲ ಅನಿಸಿತ್ತು. ಗಾಜು ಅಡ್ಡ ಇತ್ತು, ಆಗ್ಲಿಲ್ಲ."

"ಅವಳು ಬೇಡ ಅಂತ ಮೊದಲು ಎದ್ದಿದ್ದು ನೀವೇ ಅಲ್ವೇ?"

"ಹೌದು, ನಾನೇ. ನನ್ನ ಸೀಟು ಈಗ ಖಾಲಿ ಇದೆ. ಒಂಟಿಗಣ್ಣಿನವನಿಗೆ ಲೈಸೆನ್ಸ್ ಕೊಡಲ್ಲ."

ಪಿಕರ್ಸ್‌ಗಿಲ್ ನಿಯಮದ ಪುಸ್ತಕವನ್ನು ಎರಡು ಸಲ ಓದಿದರು. ಕೈ ಮಾಡಿದವರು ಡ್ರೈವರ್ ಆಗಬಾರದೆಂದು ಅದರಲ್ಲಿ ಒಂದು ಸಾಲೂ ಇರಲಿಲ್ಲ. ವರ್ಲೀನ್‌ಳ ಹೆಸರನ್ನು ಡ್ರೈವರ್ ತರಬೇತಿಗೆ ಬರೆದುಕೊಂಡರು.

ಸುಲಭವೇನೂ ಆಗಲಿಲ್ಲ. ಅವಳ ಲಾಕರಿನಲ್ಲಿ ಸತ್ತ ಇಲಿ ಸಿಕ್ಕಿತು. ಒಂದು ಸಂಜೆ ಗೇಟಿನ ಬಳಿ ಯಾರೋ ಎಸೆದ ಬೋಲ್ಟು ಅವಳ ಹಣೆ ಸೀಳಿತು. ಹೊಲಿಗೆ ಹಾಕಿಸಿಕೊಂಡು ಮರುದಿನ ತರಬೇತಿಗೆ ಬಂದಳು. ಭಾನುವಾರ ಬೆಂಚಿನಲ್ಲಿ ತಲೆ ಬಾಗಿಸಿದಾಗ, ದವಡೆ ಮುರಿದ ಹುಡುಗನ ಹೆಸರು ಹಿಡಿದು ಪ್ರಾರ್ಥಿಸುವುದು ನನಗೆ ಕೇಳಿಸುತ್ತಿತ್ತು. ಬೋಲ್ಟು ಎಸೆದವನ ಹೆಸರು ಅವಳಿಗೆ ಗೊತ್ತಿರಲಿಲ್ಲ. ದೇವರಿಗೆ ಗೊತ್ತಿರುತ್ತೆ ಬಿಡು ಅನ್ನುತ್ತಿದ್ದಳು.

ಮಾರ್ಚಿನಲ್ಲಿ ಅವಳು ಆ ಗೂಡು ಹತ್ತಿದಳು. ಹಿಂದೆ ಕಂಡಕ್ಟರ್ ಆಗಿ ಕೊರಳಿಗೆ ಟಿಕೆಟ್ ಮಿಷನ್ ತೂಗಿಸಿಕೊಂಡು ನಿಂತವನು ವಿಲ್ಫ್. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವನು ಗಂಟೆಯನ್ನು ಎರಡು ಸಲ ಹೊಡೆದ. ಬಸ್ಸು ಕದಲಲಿಲ್ಲ. ಮುಂದಕ್ಕೆ ಹೋಗಿ ಗಾಜು ಬಡಿದ.

"ಎರಡು ಹೊಡ್ದೆ ಕಣೇ, ಕೇಳಿಸ್ಲಿಲ್ವಾ?"

ಅವಳು ಗಾಜು ಸರಿಸಿದಳು. "ಕೇಳಿಸ್ತು, ಆಕ್ರಾಯ್ಡ್ ಅವ್ರೇ. ಇನ್ನೊಂದ್ಸಲ ಹೊಡೀರಿ."